ಬಾಣಂತಿ ನಂಜು ಮತ್ತು ವೈದ್ಯರ ಕೈ: ವಿಯೆನ್ನಾದ ಹೆರಿಗೆ ವಾರ್ಡ್ ಕಲಿಸಿದ ಪಾಠ

ಆಸ್ಪತ್ರೆಯಲ್ಲಿ ನಿಮ್ಮವರ ಹಾಸಿಗೆಯ ಪಕ್ಕ ಕುಳಿತಿದ್ದೀರಿ. ಡಾಕ್ಟರ್ ಒಬ್ಬ ರೋಗಿಯನ್ನು ಪರೀಕ್ಷಿಸಿ ನೇರವಾಗಿ ನಿಮ್ಮ ಕಡೆ ಬರುತ್ತಾರೆ. ಕೈ ಶುಚಿ ಮಾಡಿಕೊಂಡರೇ ಎಂದು ಕೇಳಬೇಕೆನಿಸುತ್ತದೆ, ಆದರೆ ಸಂಕೋಚ. ಇಂಥದ್ದೇ ಒಂದು ಪ್ರಶ್ನೆಯಿಂದ ಯುರೋಪಿನಲ್ಲಿ ಸಾವಿರಾರು ತಾಯಂದಿರ ಜೀವ ಉಳಿಯಬಹುದಿತ್ತು. ಆ ಕಥೆ ತಿಳಿದರೆ ನಿಮ್ಮ ಸಂಕೋಚ ಕಡಿಮೆಯಾಗಬಹುದು.

ಒಂದೇ ಆಸ್ಪತ್ರೆ, ಎರಡು ವಾರ್ಡ್

ಆಸ್ಟ್ರಿಯಾದ ವಿಯೆನ್ನಾ ಜನರಲ್ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು, ಎರಡನೆಯದರಲ್ಲಿ ಸೂಲಗಿತ್ತಿಯರು ತರಬೇತಿ ಪಡೆಯುತ್ತಿದ್ದರು. 1846ರಲ್ಲಿ ಮೊದಲ ವಿಭಾಗದ 4,010 ಹೆರಿಗೆಗಳಲ್ಲಿ 459 ತಾಯಂದಿರು ತೀರಿಕೊಂಡರು. ಎರಡನೆಯದರಲ್ಲಿ 3,754 ಹೆರಿಗೆಗಳಿಗೆ 105 ಸಾವು. ಸಾವಿಗೆ ಮುಖ್ಯ ಕಾರಣ ಬಾಣಂತಿ ನಂಜು, ಅಂದರೆ ಹೆರಿಗೆಯ ನಂತರ ಗರ್ಭಕೋಶದಲ್ಲಿ ಶುರುವಾಗಿ ರಕ್ತಕ್ಕೆ ಹರಡುವ ಸೋಂಕು.

ಈ ವ್ಯತ್ಯಾಸ ಊರಿನ ಹೆಂಗಸರಿಗೆ ಗೊತ್ತಿತ್ತು. ಮೊದಲ ವಿಭಾಗಕ್ಕೆ ಹಾಕಬೇಡಿ ಎಂದು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರಿಗೆ ಜ್ವರ ಬರುವುದು ಕಡಿಮೆ ಎಂಬುದೂ ಕಂಡುಬಂದಿತ್ತು. ಆದರೆ ಕಾರಣ ಯಾರಿಗೂ ಹೊಳೆದಿರಲಿಲ್ಲ. ಹೆಚ್ಚಿನ ವೈದ್ಯರು ಕೆಟ್ಟ ಗಾಳಿಯನ್ನು ದೂರುತ್ತಿದ್ದರು.

ಕಾರಣ ಸಿಕ್ಕಿದ್ದು ಹೇಗೆ?

1846ರಲ್ಲಿ ಮೊದಲ ವಿಭಾಗದ ಸಹಾಯಕ ವೈದ್ಯರಾಗಿ ಸೇರಿದ ಇಗ್ನಾಜ್ ಸೆಮ್ಮೆಲ್ವೈಸ್ ಅವರನ್ನು ಈ ಸಾವುಗಳು ಕಾಡಿದವು. 1847ರ ಮಾರ್ಚ್‌ನಲ್ಲಿ ಅವರ ಸ್ನೇಹಿತ, ಪ್ರಾಧ್ಯಾಪಕ ಯಾಕೋಬ್ ಕೊಲೆಚ್ಕಾ ಸತ್ತರು. ಶವಪರೀಕ್ಷೆ ವೇಳೆ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಅವರ ದೇಹದಲ್ಲಿ ಕಂಡ ಬದಲಾವಣೆಗಳು ಬಾಣಂತಿಯರ ದೇಹದಲ್ಲಿ ಕಂಡವುಗಳಂತೆಯೇ ಇದ್ದವು.

ವಿದ್ಯಾರ್ಥಿಗಳು ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ರೋಗವನ್ನು ಹೊತ್ತು ತರುತ್ತಿದ್ದುದು ವೈದ್ಯರ ಕೈಗಳೇ ಎಂದು ಸೆಮ್ಮೆಲ್ವೈಸ್ ತೀರ್ಮಾನಿಸಿದರು.

ಮೇ ಮಧ್ಯದಲ್ಲಿ, ವಾರ್ಡಿಗೆ ಬರುವ ಮೊದಲು ಎಲ್ಲರೂ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕೆಂದು ನಿಯಮ ಮಾಡಿದರು. ಏಪ್ರಿಲ್‌ನಲ್ಲಿ 312 ಹೆರಿಗೆಗಳಿಗೆ 57 ಸಾವಾಗಿತ್ತು. ಜೂನ್‌ನಲ್ಲಿ 268 ಹೆರಿಗೆಗಳಿಗೆ 6 ಸಾವು.

ಅಕ್ಟೋಬರ್‌ನಲ್ಲಿ ಇನ್ನೊಂದು ಪಾಠ ಸಿಕ್ಕಿತು. ಗರ್ಭಕೋಶದ ಕ್ಯಾನ್ಸರ್‌ನಿಂದ ಕೀವು ಸೋರುತ್ತಿದ್ದ ಮಹಿಳೆಯನ್ನು ವೈದ್ಯರು ಪರೀಕ್ಷಿಸಿ, ನಂತರ ಕ್ಲೋರಿನ್ ಬಳಸದೆ ಉಳಿದವರನ್ನು ಮುಟ್ಟಿದರು. ಆಗ ಹೆರಿಗೆಯಾದ 12 ಮಂದಿಯಲ್ಲಿ 11 ಮಂದಿ ಸತ್ತರು. ಸೋಂಕು ಶವದಿಂದಷ್ಟೇ ಅಲ್ಲ, ಜೀವಂತ ರೋಗಿಯಿಂದಲೂ ಹರಡುತ್ತದೆ ಎಂದು ಗೊತ್ತಾಯಿತು. ಅಂದಿನಿಂದ ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿ ಹೋಗುವಾಗಲೂ ಕೈ ತೊಳೆಯುವುದು ಕಡ್ಡಾಯವಾಯಿತು. 1848ರಲ್ಲಿ 3,556 ಹೆರಿಗೆಗಳಿಗೆ ಸಾವು 45ಕ್ಕೆ ಇಳಿಯಿತು.

ವೈದ್ಯರು ಏಕೆ ಒಪ್ಪಲಿಲ್ಲ?

ಸೂಕ್ಷ್ಮಾಣುಗಳೇ ಕಾಯಿಲೆ ತರುತ್ತವೆ ಎಂಬುದು ಆಗ ಸಾಬೀತಾಗಿರಲಿಲ್ಲ. ತಮ್ಮ ಕೈಯಿಂದಲೇ ರೋಗಿ ಸತ್ತರು ಎಂದು ಒಪ್ಪಿಕೊಳ್ಳುವುದೂ ಕಷ್ಟವಾಗಿತ್ತು. ಸೆಮ್ಮೆಲ್ವೈಸ್ ಸಹ ತಮ್ಮ ಪುಸ್ತಕ ಪ್ರಕಟಿಸಿದ್ದು 1861ರಲ್ಲಿ, ಬಹಳ ತಡವಾಗಿ. ಅವರು 1865ರಲ್ಲಿ, 47ನೇ ವಯಸ್ಸಿನಲ್ಲಿ, ಮಾನಸಿಕ ಆಸ್ಪತ್ರೆಯೊಂದರಲ್ಲಿ ಗಾಯದ ಸೋಂಕಿನಿಂದಲೇ ತೀರಿಕೊಂಡರು. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ನಂಜಿಗೆ ಕಾರಣವಾದ ಬ್ಯಾಕ್ಟೀರಿಯಾವನ್ನು ತೋರಿಸಿದರು.

ನೀವು ಏನು ಮಾಡಬಹುದು?

• ಡಾಕ್ಟರ್ ಅಥವಾ ನರ್ಸ್ ಮುಟ್ಟುವ ಮೊದಲು ಕೇಳಿ: "ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ, ಸ್ಯಾನಿಟೈಸರ್ ಹಾಕ್ಕೋತೀರಾ?" ಇದು ಅಗೌರವವಲ್ಲ.
• ಗ್ಲೌಸ್ ಹಾಕಿಕೊಂಡರೂ ಕೈ ಶುಚಿ ಬೇಕು. ಒಬ್ಬ ರೋಗಿಗೆ ಬಳಸಿದ ಗ್ಲೌಸ್ ಇನ್ನೊಬ್ಬರಿಗೆ ಬಳಸಬಾರದು.
• ನೀವೂ ರೋಗಿಯನ್ನು ಮುಟ್ಟುವ ಮೊದಲು ಮತ್ತು ನಂತರ, ಶೌಚಾಲಯದ ನಂತರ, ಮಗುವಿನ ಬಟ್ಟೆ ಬದಲಿಸಿದ ನಂತರ ಕೈ ತೊಳೆಯಿರಿ. ಸೋಪು-ನೀರಿನಲ್ಲಿ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ ಒಣಗುವ ತನಕ, ಅಂದರೆ 20ರಿಂದ 30 ಸೆಕೆಂಡ್ ಉಜ್ಜಿ.
• ಸೆಮ್ಮೆಲ್ವೈಸ್ ಬಳಸಿದರೆಂದು ಬ್ಲೀಚಿಂಗ್ ಪೌಡರ್‌ನಲ್ಲಿ ಕೈ ತೊಳೆಯಬೇಡಿ, ಚರ್ಮ ಸುಡುತ್ತದೆ.
• ಮಗು ನೋಡಲು ಬಂದ ನೆಂಟರಿಗೂ ಮೊದಲು ಕೈ ತೊಳೆಯಲು ಹೇಳಿ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಹೆರಿಗೆಯಾದ ಆರು ವಾರಗಳೊಳಗೆ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಅಥವಾ ಹೆಚ್ಚಿನ ಜ್ವರ, ಚಳಿ ನಡುಕ, ಕಿಬ್ಬೊಟ್ಟೆ ನೋವು, ದುರ್ವಾಸನೆಯ ಸ್ರಾವ, ಹೊಲಿಗೆಯಲ್ಲಿ ಕೀವು, ಏದುಸಿರು ಅಥವಾ ಗೊಂದಲ ಕಂಡರೆ ಕಾಯಬೇಡಿ. ಬಾಣಂತಿಗೆ ಜ್ವರ ಬರುವುದು ಸಹಜ ಎಂದು ಮನೆಮದ್ದು ಮಾಡುತ್ತಾ ಕೂರಬೇಡಿ. ಬೇಗ ಆ್ಯಂಟಿಬಯೋಟಿಕ್ ಸಿಕ್ಕರೆ ಬಹುತೇಕರು ಗುಣವಾಗುತ್ತಾರೆ.

ವಿಯೆನ್ನಾದ ಹೆಂಗಸರು ಕಂಡದ್ದನ್ನು ಹೇಳಿದರು, ಕೇಳುವವರಿರಲಿಲ್ಲ. ಇಂದು ಕಾರಣವೂ ಗೊತ್ತು, ಪರಿಹಾರವೂ ಗೊತ್ತು. ಹಾಗಾಗಿ ನಿಮ್ಮವರ ಪರವಾಗಿ ಧೈರ್ಯದಿಂದ ಕೇಳಿ.