ಅತಿವಾಸ್ತವ: ಪದವೂ ಪರದೆಯೂ

‘ಅತಿವಾಸ್ತವ’ ಎಂಬುದು ಫ್ರೆಂಚಿನ ‘ಸುರ್ರಿಯಲ್’ಗೆ ಕನ್ನಡ ವಿಮರ್ಶೆ ಕಂಡುಕೊಂಡ ಸಂವಾದಿ ಪದ. ‘ಸುರ್ರಿಯಲಿಸಂ’ ಎಂಬ ಮಾತನ್ನು 1917ರಲ್ಲಿ ಟಂಕಿಸಿದವನು ಕವಿ ಗಿಯೋಮ್ ಅಪೊಲಿನೇರ್. ಅವನು ಕೊಟ್ಟ ಉದಾಹರಣೆ ಇಂದಿಗೂ ಮಂಕಾಗಿಲ್ಲ. ನಡಿಗೆಯನ್ನು ಅನುಕರಿಸಲು ಹೊರಟ ಮನುಷ್ಯ ಕಾಲಿಗೆ ಯಾವ ಹೋಲಿಕೆಯೂ ಇಲ್ಲದ ಚಕ್ರವನ್ನು ಕಂಡುಹಿಡಿದ. ರೂಪವನ್ನು ನಕಲು ಮಾಡದೆ ಅದರ ಕಸುವನ್ನು ಹಿಡಿಯುವುದು, ಪದದ ಹುಟ್ಟಿನ ಅರ್ಥ ಇದು. 1924ರ ಸುರ್ರಿಯಲಿಸಂ ಪ್ರಣಾಳಿಕೆಯಲ್ಲಿ ಕವಿ ಆಂದ್ರೆ ಬ್ರೆತೋ ಇದಕ್ಕೆ ಕನಸನ್ನೂ ಸುಪ್ತಮನಸ್ಸನ್ನೂ ಸೇರಿಸಿದ ಮೇಲೆ ಪದ ಚಳವಳಿಯೇ ಆಯಿತು.

ಫ್ರೆಂಚಿನ ‘ಸುರ್’ ಎಂದರೆ ಮೇಲೆ. ಕನ್ನಡದ ‘ಅತಿ’ಗೂ ‘ಮೀರಿದ’ ಎಂಬ ಅರ್ಥ ಇದೆ. ಅತೀಂದ್ರಿಯ, ಅತಿಮಾನುಷ ಅದಕ್ಕೆ ಸಾಕ್ಷಿ. ಆದರೆ ದಿನಬಳಕೆಯಲ್ಲಿ ‘ಅತಿ’ ಎಂದೊಡನೆ ನೆನಪಾಗುವುದು ‘ಅತಿಯಾಯಿತು’ ಎಂಬ ಆಕ್ಷೇಪ. ಹೀಗಾಗಿ ಪದಕ್ಕೆ ಉತ್ಪ್ರೇಕ್ಷೆಯ ನೆರಳು ತಾಗಿದೆ. ಪಕ್ಕದ ಪದ ‘ಅಸಂಗತ’ ಬೇರೆಯೇ: ಅದು ಅರ್ಥ ಬತ್ತಿದ ಬದುಕಿನ ಮಾತು. ಅತಿವಾಸ್ತವದಲ್ಲಿ ಅರ್ಥ ಬತ್ತುವುದಿಲ್ಲ, ಒಂದೇ ಕಡೆ ನಿಲ್ಲುವುದಿಲ್ಲ ಅಷ್ಟೆ.

ಪದದ ಬಲ ತಿಳಿಯುವುದು ಸಿನಿಮಾದಲ್ಲಿ. ನಿರ್ದೇಶಕ ಲೂಯಿ ಬುನ್ಯುಎಲ್ ಮತ್ತು ಚಿತ್ರಕಲಾವಿದ ಸಾಲ್ವಡಾರ್ ಡಾಲಿ 1929ರ ‘ಅನ್ ಶಿಯನ್ ಆಂದಲೂ’ ಚಿತ್ರವನ್ನು ಬರೆಯುವಾಗ ಹಾಕಿಕೊಂಡ ನಿಯಮ ಒಂದೇ: ತರ್ಕಕ್ಕೆ ಸಿಗುವ ಯಾವ ಚಿತ್ರವೂ ಬೇಡ. ಮೊದಲ ದೃಶ್ಯದಲ್ಲಿ ಬುನ್ಯುಎಲ್ ತಾನೇ ಕ್ಷೌರದ ಕತ್ತಿ ಮಸೆಯುತ್ತಾನೆ. ತೆಳುಮೋಡವೊಂದು ಚಂದ್ರನನ್ನು ಸೀಳಿ ಸಾಗುತ್ತದೆ. ಮರುಕ್ಷಣ ಕತ್ತಿ ಕಣ್ಣನ್ನು ಸೀಳುತ್ತದೆ. ಸೀಳಿದ್ದು ಸತ್ತ ಕರುವಿನ ಕಣ್ಣು ಎಂದು ತಿಳಿದ ಮೇಲೂ ಮೈ ನಡುಗುತ್ತದೆ. ಕತ್ತಿ, ಮೋಡ, ಕಣ್ಣು ಮೂರೂ ನಿತ್ಯದ ವಸ್ತುಗಳು. ಬೆಚ್ಚಿಬೀಳಿಸುವುದು ಅವುಗಳ ನೆರೆಹೊರೆ.

ಬುನ್ಯುಎಲ್ ಮೆಕ್ಸಿಕೋದಲ್ಲಿ ತೆಗೆದ ‘ದಿ ಎಕ್ಸ್‌ಟರ್ಮಿನೇಟಿಂಗ್ ಏಂಜೆಲ್’ (1962) ಇನ್ನೂ ಮಾಗಿದ ಕೃತಿ. ಶ್ರೀಮಂತರ ಮನೆಯ ಔತಣ ಮುಗಿದಿದೆ, ಹಜಾರಕ್ಕೆ ಬೀಗವಿಲ್ಲ, ಆದರೂ ಅತಿಥಿಗಳು ಹೊಸ್ತಿಲು ದಾಟಲಾರರು. ದಿನಗಳು ಉರುಳುತ್ತವೆ. ಬಾಯಾರಿದವರು ಗೋಡೆ ಒಡೆದು ಕೊಳವೆಯ ನೀರು ಕುಡಿಯುತ್ತಾರೆ, ಒಳಗೆ ನುಗ್ಗಿದ ಕುರಿಗಳನ್ನು ಸುಟ್ಟು ತಿನ್ನುತ್ತಾರೆ. ಇದು ದೆವ್ವದ ಚಿತ್ರವಲ್ಲ, ಪತ್ತೇದಾರಿಯಲ್ಲ, ಹಾಸ್ಯವೂ ಅಲ್ಲ. ಕಾರಣ ಕೊನೆಗೂ ಹೇಳುವುದಿಲ್ಲ. ‘ಯಾಕೆ’ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ‘ಏನಾಗುತ್ತಿದೆ’ ಎಂದು ನೋಡುವ ಪ್ರೇಕ್ಷಕನಿಗೆ ನಯನಾಜೂಕು ಪದರಪದರವಾಗಿ ಕಳಚುವುದು ಕಾಣುತ್ತದೆ. ಇಂಥ ಚಿತ್ರಗಳು ಕೇಳುವುದು ಪಾಂಡಿತ್ಯವನ್ನಲ್ಲ, ತಾಳ್ಮೆಯನ್ನು.

ಈಗ ಪದ ಸಡಿಲವಾಗಿದೆ. 2016ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಇಂಗ್ಲಿಷಿನ ‘ಸರ್ರಿಯಲ್’ ಅನ್ನೇ ವರ್ಷದ ಪದವಾಗಿ ಆರಿಸಿತು. ನಂಬಲಾಗದ ಸುದ್ದಿಗೆಲ್ಲ ಜನ ಇದನ್ನೇ ಬಳಸುತ್ತಿದ್ದರು. ಚಿತ್ರವಿಮರ್ಶೆಯಲ್ಲೂ ವಿಚಿತ್ರವೆನಿಸಿದ್ದೆಲ್ಲ ‘ಸರ್ರಿಯಲ್’ ಆಗಿಬಿಡುತ್ತದೆ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ಪದದ ಹೊಸ್ತಿಲವರೆಗೆ ಬರುವ ಕನ್ನಡ ಚಿತ್ರ. ಟಾಕೀಸಿನಲ್ಲಿ ಟಾರ್ಚ್ ಬಿಡುವ ನಿಕ್ಕಿಯ ಬದುಕು ಬಣ್ಣದಲ್ಲಿದೆ, ಕನಸಿನಲ್ಲಿ ಅವನಾಗುವ ಸಿನಿಮಾ ತಾರೆಯ ಬದುಕು ಕಪ್ಪು-ಬಿಳುಪಿನಲ್ಲಿ. ಯಾವುದು ಕನಸು ಎಂಬ ಎಣಿಕೆಯನ್ನು ಕೊನೆಯಲ್ಲಿ ತಲೆಕೆಳಗು ಮಾಡಿದರೂ ಚಿತ್ರ ಗಂಟನ್ನು ತಾನೇ ಬಿಡಿಸಿಕೊಡುತ್ತದೆ. ಬುನ್ಯುಎಲ್ ಗಂಟನ್ನು ಹಾಗೆಯೇ ಉಳಿಸುತ್ತಾನೆ: ಹಜಾರದಿಂದ ಹೇಗೋ ಪಾರಾದ ಅತಿಥಿಗಳು ಚರ್ಚಿಗೆ ಹೋಗುತ್ತಾರೆ, ಪೂಜೆ ಮುಗಿದ ಮೇಲೆ ಅಲ್ಲಿಂದಲೂ ಹೊರಬರಲಾರರು.