ವಜ್ರದ ಬೆಲೆ ಕಟ್ಟಿದವರು ಯಾರು?

ಮುಂಗಾರಿನ ಮೊದಲ ಮಳೆ ಮಣ್ಣು ತೊಳೆದ ಮೇಲೆ, ಆದೋನಿಗೆ ದೂರವಲ್ಲದ ತುಗ್ಗಲಿ, ಜೊನ್ನಗಿರಿಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿ ನಡೆಯುವುದನ್ನು ನೀವು ನೋಡಿರಬಹುದು. ನಿಮ್ಮಲ್ಲೇ ಕೆಲವರು ಬುತ್ತಿ ಕಟ್ಟಿಕೊಂಡು ಹೋಗಿಯೂ ಇರಬಹುದು. ಹುಡುಕುವುದು ವಜ್ರವನ್ನು. ಸಿಕ್ಕವನಿಗೆ ಅದೃಷ್ಟ, ಸಿಗದವನಿಗೆ ಸೊಂಟನೋವು. ಆದರೆ ಸಿಕ್ಕ ಹರಳಿಗೂ ಬೆಲೆ ಹೇಳುವವನು ಎತ್ತಿಕೊಂಡವನಲ್ಲ, ಕೊಳ್ಳಲು ಬಂದ ವ್ಯಾಪಾರಿ. ವಜ್ರದ ಚರಿತ್ರೆಯ ಉದ್ದಕ್ಕೂ ಇದೇ ಕಥೆ.

ಈ ಸೀಮೆಗೆ ವಜ್ರ ಹೊಸದಲ್ಲ. ಉರವಕೊಂಡದ ಹತ್ತಿರದ ವಜ್ರಕರೂರಿನ ಹೆಸರಿನಲ್ಲೇ ಅದಿದೆ. ಭೂಮಿಯ ಆಳದಿಂದ ವಜ್ರವನ್ನು ಹೊತ್ತು ತರುವ ಕಿಂಬರ್ಲೈಟ್ ಎಂಬ ಶಿಲೆ ಅಲ್ಲಿದೆ. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ವಜ್ರದ ಗಣಿಯನ್ನು ಗುತ್ತಿಗೆಗೆ ಕೊಡುತ್ತಿದ್ದರೆಂದೂ, ಗೊತ್ತುಮಾಡಿದ ತೂಕ ಮೀರಿದ ಹರಳೆಲ್ಲ ಅರಸನಿಗೇ ಸೇರಬೇಕಿತ್ತೆಂದೂ ಬರೆದಿದ್ದಾನೆ. 17ನೆಯ ಶತಮಾನದ ಫ್ರೆಂಚ್ ವ್ಯಾಪಾರಿ ಟಾವರ್ನಿಯೆ, ಕೃಷ್ಣಾ ತೀರದ ಕೊಲ್ಲೂರು ಗಣಿಯಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 60,000 ಜನ ದುಡಿಯುತ್ತಿದ್ದರೆಂದು ಹೇಳುತ್ತಾನೆ. ಹರಳುಗಳು ದೊರೆಗಳ ಭಂಡಾರ ಸೇರಿದವು. ಅಗೆದವರ ಹೆಸರು ಉಳಿಯಲಿಲ್ಲ.

1720ರ ದಶಕದಲ್ಲಿ ಬ್ರೆಜಿಲ್‌ನಲ್ಲೂ 1860ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲೂ ವಜ್ರ ಸಿಕ್ಕಿತು. ಕಿಂಬರ್ಲಿಯಲ್ಲಂತೂ ಹೇರಳವಾಗಿ ಸಿಕ್ಕಿತು. ಪತ್ತಿಕೊಂಡದ ಪೇಟೆಗೆ ಟೊಮೆಟೊ ರಾಶಿ ಬಿದ್ದರೆ ದರ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹಾಗಾಗದಂತೆ ಸೆಸಿಲ್ ರೋಡ್ಸ್ 1888ರಲ್ಲಿ ಡಿ ಬೀರ್ಸ್ ಕಂಪನಿ ಕಟ್ಟಿ, ಗಣಿಗಳನ್ನು ಒಂದೇ ಕೈಗೆ ತಂದ. ಮಾಲನ್ನು ತಡೆದು ತಡೆದು ಬಿಟ್ಟರೆ ದರ ಇಳಿಯದು. ಆಫ್ರಿಕನ್ ಕೂಲಿಕಾರರನ್ನು ಬೇಲಿಯೊಳಗಿನ ವಠಾರಗಳಲ್ಲಿ ಕೂಡಿಟ್ಟು, ಹೊರಗೆ ಬಿಡುವಾಗ ಮೈ ತಡಕಿ ನೋಡುತ್ತಿದ್ದರು.

ದರ ನಿಲ್ಲಿಸಿದರೆ ಸಾಲದು, ಗಿರಾಕಿಯೂ ಬೇಕಲ್ಲ! ವಜ್ರ ಎಂದೆಂದಿಗೂ ಉಳಿಯುವಂಥದು ಎಂಬ ಜಾಹೀರಾತಿನ ಮಾತು ಆ ಕಂಪನಿಗಾಗಿ ಅಮೆರಿಕದಲ್ಲಿ ಹುಟ್ಟಿದ್ದು 1947ರಲ್ಲಿ. ಮದುವೆಯ ಮಾತಾದರೆ ವಜ್ರದ ಉಂಗುರ ಬೇಕು, ಕೊಂಡದ್ದನ್ನು ಮಾರಬಾರದು ಎಂಬ ಭಾವನೆ ಬೇರೂರಿತು. ಹಳೆಯ ಹರಳು ಪೇಟೆಗೆ ಬರದಿದ್ದರೆ ಹೊಸದಕ್ಕೆ ದರ ನಿಲ್ಲುತ್ತದೆ. ಚಿನ್ನ ಕಷ್ಟಕಾಲಕ್ಕೆ ಅಡವಿಗೆ ಬರುತ್ತದೆ. ವಜ್ರಕ್ಕೆ ಕೊಟ್ಟ ಹಣ ಅಷ್ಟು ಸುಲಭವಾಗಿ ಮರಳುವುದಿಲ್ಲ.

ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಬಂಡುಕೋರರು ವಜ್ರ ಮಾರಿ ಬಂದೂಕು ಕೊಂಡರು, ಹಳ್ಳಿಗರ ಕೈ ಕಡಿದರು. ಇಂಥ ವಜ್ರವನ್ನು ತಡೆಯಲು 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಎಂಬ ಪ್ರಮಾಣಪತ್ರದ ಏರ್ಪಾಡು ಜಾರಿಗೆ ಬಂತು. ಕೂಲಿಯವನಿಗೆ ಎಷ್ಟು ಸಿಕ್ಕಿತೆಂದು ಆ ಪತ್ರ ಕೇಳುವುದಿಲ್ಲ.

ಈಗ ಕಾರ್ಖಾನೆಯ ವಜ್ರ ಬಂದಿದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು 1954ರಲ್ಲೇ ಇದನ್ನು ಮಾಡಿದ್ದರು. ಇಂದು ನಮ್ಮ ಸೂರತ್ತಿನಲ್ಲೂ ಬೆಳೆಯುತ್ತಾರೆ. ಇದು ಅಮೆರಿಕನ್ ಡೈಮಂಡ್ ಎಂದು ಮಾರುವ ಅಗ್ಗದ ಕಲ್ಲಲ್ಲ. ಇದೂ ಇಂಗಾಲವೇ, ಗಣಿಯ ವಜ್ರದಷ್ಟೇ ಗಟ್ಟಿ. ಬರಿಗಣ್ಣಿಗೆ ಭೇದ ಕಾಣದು, ಯಂತ್ರವೇ ಹೇಳಬೇಕು. ಇದರ ದರ ಮಾತ್ರ ಕೆಲವೇ ವರ್ಷಗಳಲ್ಲಿ ಬಹಳ ಕುಸಿಯಿತು. ಗಣಿ ಅಗೆಯುವ ಕಷ್ಟ ಇದಕ್ಕಿಲ್ಲ. ಆದರೆ ವಿದ್ಯುತ್ತು ಬಹಳ ಬೇಕು, ಅದು ಕಲ್ಲಿದ್ದಲಿನದಾದರೆ ಹೊಗೆ ತಪ್ಪದು.

ಹಾಗಾದರೆ ಅಗೆದವನಿಗೆ ನ್ಯಾಯ ಸಿಗುವ ದಾರಿಯೇ ಇಲ್ಲವೇ? ಮಧ್ಯಪ್ರದೇಶದ ಪನ್ನಾ ಜಿಲ್ಲೆಯಲ್ಲಿ ಸರ್ಕಾರದಿಂದ ತುಂಡು ನೆಲ ಗುತ್ತಿಗೆ ಹಿಡಿದವನು, ಸಿಕ್ಕ ಹರಳನ್ನು ವಜ್ರ ಕಚೇರಿಗೆ ಒಪ್ಪಿಸುತ್ತಾನೆ. ಅದು ಬಹಿರಂಗವಾಗಿ ಹರಾಜಾಗಿ, ಸರ್ಕಾರದ ಪಾಲು ಕಳೆದು ಉಳಿದ ಹಣ ಅವನಿಗೆ ಬರುತ್ತದೆ. ಹೊಲದ ಬದುವಿನ ಮೇಲೆ ಗುಟ್ಟಾಗಿ ನಡೆಯುವ ವ್ಯಾಪಾರಕ್ಕೂ ಇದಕ್ಕೂ ಎಷ್ಟು ಅಂತರ, ನೀವೇ ಯೋಚಿಸಿ.

ನಾಳೆ ಮಗಳ ಮೂಗುಬೊಟ್ಟಿಗೆ ವಜ್ರ ಕೊಳ್ಳಲು ಹೋದರೆ ಮೂರು ಮಾತು ಕೇಳಿ: ಇದು ಗಣಿಯದೋ ಕಾರ್ಖಾನೆಯದೋ, ಅದಕ್ಕೆ ಪ್ರಮಾಣಪತ್ರ ಇದೆಯೇ, ನಾನೇ ವಾಪಸು ತಂದರೆ ಎಷ್ಟು ಕೊಡುತ್ತೀರಿ? ಮೂರನೆಯದಕ್ಕೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ.