ಕನಾಟ್ ಪ್ರಾಂತದ ಗೆಲವು

ಐರ್ಲೆಂಡಿನ ಪ್ರಾಚೀನ ಕ್ರೀಡೆಯಾದ ಹರ್ಲಿಂಗಿನಲ್ಲಿ ಬಾಗಿದ ದಾಂಡುಗಳಿಂದ ಚೆಂಡನ್ನು ಹೊಡೆದಾಡುವರು. ಆ ದೇಶದ ನಾಲ್ಕು ಪ್ರಾಂತಗಳಿಗೆ ಇದರಲ್ಲಿ ಪರಸ್ಪರ ಸ್ಪರ್ಧೆಯೇರ್ಪಟ್ಟುದು 1927ರಲ್ಲಿ. ಬಹುಮಾನದ ಬಟ್ಟಲನ್ನು ರೈಲ್ವೆ ಕಂಪೆನಿಯೊಂದು ಕೊಟ್ಟುದರಿಂದ ಅದಕ್ಕೆ ರೈಲ್ವೆ ಕಪ್ ಎಂದೇ ಹೆಸರಾಯಿತು. ಮನ್‌ಸ್ಟರ್ ಪ್ರಾಂತದವರು 1942 ಮೊದಲ್ಗೊಂಡು 5 ವರ್ಷ ಎಡೆಬಿಡದೆ ಗೆದ್ದರು. ಕ್ರಿಸ್ಟಿ ರಿಂಗನೆಂಬ ಅದ್ವಿತೀಯ ಪಟು ಅವರಲ್ಲಿದ್ದನು.

ಪಶ್ಚಿಮದ ಕನಾಟಿಗಾದರೋ ಗಾಲ್ವೇ ಎಂಬ ಒಂದು ಜಿಲ್ಲೆಯೇ ಆಧಾರ. ಮಿಕ್ಕ ಜಿಲ್ಲೆಗಳಲ್ಲಿ ಈ ಆಟ ಕ್ಷೀಣ. ಸ್ವಪ್ರಾಂತದಲ್ಲಿ ಸಮಬಲರಾದ ಎದುರಾಳಿಗಳಿಲ್ಲದೆ ಪಳಗುವುದೆಂತು? ಆದರೂ 1947ರ ಅಂತಿಮ ಪಂದ್ಯದಲ್ಲಿ ಅವರು ಮನ್‌ಸ್ಟರನ್ನು ಸೋಲಿಸಿದರು. ಗೋಲೊಂದಕ್ಕೆ 3ರಂತೆ ಕನಾಟಿಗೆ 11 ಅಂಕ, ಮನ್‌ಸ್ಟರಿಗೆ 4. ಅಂಥವರನ್ನು ನಾಲ್ಕಕ್ಕೆ ತಡೆದುದು ಗೆಲವಿಗಿಂತಲೂ ದೊಡ್ಡದೆನ್ನಬೇಕು!

ಮರುವರ್ಷ ಮನ್‌ಸ್ಟರು ಬಟ್ಟಲನ್ನು ಮರಳಿ ಪಡೆದು 1953ರವರೆಗೆ ಬಿಡಲಿಲ್ಲ. ರಿಂಗನು 1963ರೊಳಗೆ 18 ಪದಕಗಳನ್ನು ಗಳಿಸಿದನು, 1947ರದು ಅವುಗಳಲ್ಲಿಲ್ಲ. ಕನಾಟ್ ಎರಡನೆಯ ಬಾರಿ ಗೆದ್ದುದು 1980ರಲ್ಲಿ.